ಮುಂಡಾಸು ಮತ್ತು ಕಿರೀಟ: ಬಡಗುತಿಟ್ಟಿನಲ್ಲಿ ಶಿರೋಭೂಷಣದ ಆಯ್ಕೆ

ಮಹಾಭಾರತದ ಅರ್ಜುನನಿಗೆ ‘ಕಿರೀಟಿ’ ಎಂಬ ಹೆಸರುಂಟು. ಇಂದ್ರನಿತ್ತ ಕಿರೀಟವನ್ನು ಧರಿಸಿದವನಾದುದರಿಂದ ಆ ಹೆಸರು ಬಂದಿತೆಂಬುದು ಪ್ರಸಿದ್ಧವಾದ ಸಂಗತಿ. ಆದರೆ ಉಡುಪಿ, ಕುಂದಾಪುರ ಸೀಮೆಯ ಬಡಗುತಿಟ್ಟಿನ ರಂಗಸ್ಥಳದಲ್ಲಿ ಕರ್ಣಾರ್ಜುನರ ಕಾಳಗ ನಡೆಯುವಾಗ, ಪರಂಪರೆಯ ಕ್ರಮದಂತೆ ಈ ಕಿರೀಟಿಯ ತಲೆಯ ಮೇಲಿರುವುದು ಕಿರೀಟವಲ್ಲ, ಮುಂಡಾಸು. ಅವನ ಎದುರು ನಿಲ್ಲುವ ಅಂಗರಾಜ ಕರ್ಣನಿಗೂ ಮುಂಡಾಸೇ. ಅದೇ ಪ್ರಸಂಗದ ಕೌರವನಿಗೆ ಮಾತ್ರ ಕಿರೀಟ. ತೆಂಕುತಿಟ್ಟಿಗೆ ಬಂದರೆ ಕರ್ಣ, ಅರ್ಜುನ ಇಬ್ಬರೂ ಕಿರೀಟ ವೇಷಗಳು. ಕಥೆ ಒಂದೇ, ಪಾತ್ರಗಳು ಅವೇ, ಶಿರೋಭೂಷಣ ಬೇರೆ. ಹಾಗಿದ್ದರೆ ಬಡಗಿನ ವೇಷಧಾರಿ ತಲೆಗೆ ಏನನ್ನು ಕಟ್ಟಬೇಕೆಂಬುದನ್ನು ಯಾವ ಆಧಾರದ ಮೇಲೆ ನಿರ್ಧರಿಸುತ್ತಾನೆ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಬಡಗುತಿಟ್ಟಿನ ಪುರುಷ ಪಾತ್ರಗಳ ಶಿರೋಭೂಷಣಗಳಲ್ಲಿ ಮುಖ್ಯವಾದವು ಮೂರು: ಕೇದಗೆ ಮುಂದಲೆ, ಮುಂಡಾಸು ಮತ್ತು ಕಿರೀಟ. ಕೇದಗೆಯ ಎಸಳಿನ ನೆನಪನ್ನು ಹೆಸರಿನಲ್ಲೇ ಉಳಿಸಿಕೊಂಡಿರುವ ಕೇದಗೆ ಮುಂದಲೆ ಆಕಾರದಲ್ಲಿ ಚಿಕ್ಕದು. ಅಭಿಮನ್ಯು, ವೃಷಸೇನ, ಬಭ್ರುವಾಹನರಂತಹ ಎಳೆಯ ವೀರರಿಗೆ ಸಲ್ಲುವಂಥದು. ಕಮಲದ ಎಸಳಿನಂತೆ ನಡುವೆ ಅರಳಿ ತುದಿಗೆ ಮೊನಚಾಗುವ ದೊಡ್ಡ ಮುಂಡಾಸು ಪ್ರೌಢ ವೀರರದು. ಗಂಧರ್ವ, ಕಿರಾತರಿಗೆ ಕೆಂಪು ಮುಂಡಾಸು. ಕಿರೀಟವು ದೇವೇಂದ್ರ, ಧರ್ಮರಾಯ, ಕೌರವ ಮೊದಲಾದವರಿಗೆ.

ಈ ವಿಂಗಡಣೆಯನ್ನು ಮೇಲ್ನೋಟಕ್ಕೆ ಕಂಡವರು ಅರಸನಿಗೆ ಕಿರೀಟ, ಅರಸನಲ್ಲದವನಿಗೆ ಮುಂಡಾಸು ಎಂದು ಸರಳಗೊಳಿಸುವುದುಂಟು. ಅದು ಸರಿಯಲ್ಲ. ಬಭ್ರುವಾಹನ ಮಣಿಪುರದ ದೊರೆ. ಆದರೂ ಅವನಿಗೆ ಕೇದಗೆ ಮುಂದಲೆ. ಕರ್ಣ ಪಟ್ಟಾಭಿಷಿಕ್ತನಾದ ಅಂಗಾಧಿಪತಿ. ಆದರೂ ಅವನಿಗೆ ಮುಂಡಾಸು. ಬಡಗಿನ ಕಣ್ಣು ಕಥೆಯೊಳಗಿನ ಪದವಿಗಿಂತ ಹೆಚ್ಚಾಗಿ ಪಾತ್ರದ ಪ್ರಾಯವನ್ನೂ ಪ್ರವೃತ್ತಿಯನ್ನೂ ಗಮನಿಸುತ್ತದೆ. ಹೋರಾಡಬೇಕಾದವನು, ಕುಣಿಯಬೇಕಾದವನು, ಮನಸ್ಸಿನೊಳಗೆ ತಳಮಳ ಉಳ್ಳವನು ಮುಂಡಾಸಿನ ಪಾತ್ರ. ಸಿಂಹಾಸನದ ಗಾಂಭೀರ್ಯ ಅಥವಾ ದರ್ಪ ಯಾರ ಮುಖ್ಯ ಗುಣವೋ ಅವನದು ಕಿರೀಟ. ವೃಷಸೇನನ ಕಾಳಗವೂ ಕರ್ಣಾರ್ಜುನರ ಕಾಳಗವೂ ಒಂದೇ ರಾತ್ರಿ ನಡೆದಾಗ ಮಗನ ಚಿಕ್ಕ ಮುಂದಲೆ ಮತ್ತು ತಂದೆಯ ದೊಡ್ಡ ಮುಂಡಾಸು ಪ್ರೇಕ್ಷಕನಿಗೆ ಸಂಬಂಧವನ್ನು ಮಾತಿಗೂ ಮೊದಲೇ ತಿಳಿಸಿಬಿಡುತ್ತವೆ. ಭಾಗವತರ ಪದ ಕಿವಿಗೆ ಬೀಳುವ ಮುನ್ನ, ದೂರದ ಗದ್ದೆಯ ಅಂಚಿನಲ್ಲಿ ಕುಳಿತವನಿಗೂ ಬಂದವನು ಯಾರೆಂಬುದರ ಸುಳಿವು ತಲೆಯ ಆಕಾರದಿಂದಲೇ ಸಿಗುತ್ತಿತ್ತು. ದೀಪದ ಮಂದ ಬೆಳಕಿನ ಕಾಲದಲ್ಲಿ ಇದು ಸಣ್ಣ ಅನುಕೂಲವಲ್ಲ.

ಆಯ್ಕೆಯು ಪಾತ್ರಕ್ಕೆ ಮಾತ್ರವಲ್ಲ, ಕಲಾವಿದನ ಸ್ಥಾನಕ್ಕೂ ಸಂಬಂಧಿಸಿದುದು. ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ವೇಷಗಳಿಂದ ತೊಡಗಿ ಪುಂಡುವೇಷಕ್ಕೆ ಏರುತ್ತಾನೆ. ಅಲ್ಲಿ ಪಳಗಿದ ಬಳಿಕವೇ ದೊಡ್ಡ ಮುಂಡಾಸು ಅವನ ತಲೆಗೇರುವುದು. ಹೆಸರಾಂತ ಹಿರಿಯ ವೇಷಧಾರಿಯೊಬ್ಬ ಅಭಿಮನ್ಯುವನ್ನು ಮಾಡಬೇಕಾದಾಗ ಮತ್ತೆ ಕೇದಗೆ ಮುಂದಲೆಗೆ ಇಳಿಯಲೇಬೇಕು. ಅನುಭವದ ಹೆಚ್ಚಳಕ್ಕೆ ತಕ್ಕಂತೆ ಅಭಿಮನ್ಯುವಿನ ಮುಂದಲೆ ಹಿಗ್ಗುವಂತಿಲ್ಲ!

ಇನ್ನು ಕಟ್ಟುವ ಕ್ರಮ. ಕಿರೀಟವು ಹಗುರವಾದ ಮರದಲ್ಲಿ ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿಯ ಚೂರುಗಳನ್ನು ಕೂರಿಸಿ ಸಿದ್ಧಪಡಿಸಿದ ವಸ್ತು. ಪೆಟ್ಟಿಗೆಯಿಂದ ತೆಗೆದು ತಲೆಗಿಟ್ಟು ಬಿಗಿದರೆ ಆಯಿತು. ಮುಂಡಾಸು ಹಾಗಲ್ಲ. ಅದು ಪ್ರತಿ ರಾತ್ರಿಯೂ ಚೌಕಿಯಲ್ಲಿ, ವೇಷಧಾರಿಯ ತಲೆಯ ಮೇಲೆಯೇ ಹುಟ್ಟಬೇಕು. ಮೊದಲು ಕೂದಲನ್ನು ಬಟ್ಟೆಯಿಂದ ಬಿಗಿದು, ಅದರ ಮೇಲೆ ಬಟ್ಟೆ ಸುತ್ತಿದ ಸುರುಳಿಗಳನ್ನು ಕೂರಿಸಿ ಆಕಾರಕ್ಕೆ ತರಲಾಗುತ್ತದೆ. ಬಳಿಕ ಬಣ್ಣದ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಹೊದಿಸಿ, ಜರಿಯ ಪಟ್ಟಿಗಳನ್ನು ಅಳತೆಯ ಅಂತರದಲ್ಲಿ ಸುತ್ತಲಾಗುತ್ತದೆ. ಹಿಡಿತ ಸಡಿಲವಾದರೆ ಮಂಡಿ ಹಾಕುವಾಗಲೋ ದಿಗಿಣ ಹಾರುವಾಗಲೋ ಮುಂಡಾಸು ಓರೆಯಾಗುತ್ತದೆ. ಅತಿಯಾಗಿ ಬಿಗಿದರೆ ಹಣೆಯ ನರಗಳು ಒತ್ತಿ ಬೆಳಗಿನವರೆಗೂ ತಲೆನೋವು. ಮುಖ ಅಗಲವಿದ್ದವನಿಗೆ ಒಂದು ಎತ್ತರ, ಕಿರಿದಾದವನಿಗೆ ಇನ್ನೊಂದು. ಎರಡು ತಲೆಗಳಿಗೆ ಒಂದೇ ಮುಂಡಾಸು ಎಂಬುದಿಲ್ಲ. ಬೆಳಗಿನ ಜಾವ ಮಂಗಳವಾದ ಮೇಲೆ ಅದನ್ನು ಬಿಚ್ಚಿದರೆ ಉಳಿಯುವುದು ಬಟ್ಟೆಯ ಗಂಟು ಮತ್ತು ಜರಿಯ ಸುರುಳಿ ಮಾತ್ರ.

ತೆಂಕುತಿಟ್ಟು ತನ್ನ ಆಯ್ಕೆಯನ್ನು ಬೇರೆ ದಾರಿಯಲ್ಲಿ ವಿಸ್ತರಿಸಿಕೊಂಡಿತು. ಅಲ್ಲಿ ವೀರರಿಗೆ ಕಿರೀಟ, ಪುಂಡುವೇಷಕ್ಕೆ ಪಗಡಿ, ಭೀಮನಿಗೆ ಅವನದೇ ಆದ ಮುಡಿ, ರಾವಣನಂತಹ ಬಣ್ಣದ ವೇಷಕ್ಕೆ ಹಿಂಬದಿಯಲ್ಲಿ ವೃತ್ತಾಕಾರವಾಗಿ ಹರಡುವ ಕೇಸರಿ ತಟ್ಟಿ, ಮಹಿಷಾಸುರನಿಗೆ ಕೋಡು. ರಾಕ್ಷಸ ಪಾತ್ರಗಳ ಶಿರೋಭೂಷಣದಲ್ಲಿ ತೆಂಕಿನ ಸಮೃದ್ಧಿ ಬಡಗಿಗೆ ಈಗ ಇಲ್ಲ. ಬಡಗಿನಲ್ಲಿ ಬಣ್ಣದ ವೇಷವೇ ಹಿನ್ನೆಲೆಗೆ ಸರಿದಿದೆ. ವೀರ ಪಾತ್ರಗಳ ಮಟ್ಟಿಗೆ ಮಾತ್ರ ಬಡಗಿನ ವೈಶಿಷ್ಟ್ಯವೆಂದರೆ ಮುಂಡಾಸೇ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡೇರೆ ಮೇಳಗಳು ಹೊಸ ಪ್ರಸಂಗಗಳನ್ನು ಆಡತೊಡಗಿದಾಗ ಈ ವ್ಯವಸ್ಥೆಗೆ ಕಠಿಣ ಪರೀಕ್ಷೆ ಎದುರಾಯಿತು. ಪುರಾಣದಲ್ಲಿಲ್ಲದ ಕಲ್ಪಿತ ರಾಜಕುಮಾರನಿಗೆ, ಸೇನಾಪತಿಗೆ ಪರಂಪರೆಯ ನಿರ್ದೇಶನವಿಲ್ಲ. ವಿವೇಕವುಳ್ಳ ಕಲಾವಿದರು ಪಾತ್ರದ ಸ್ವಭಾವಕ್ಕೆ ಹತ್ತಿರವಾದ ಪೌರಾಣಿಕ ಪಾತ್ರವೊಂದನ್ನು ನೆನೆದು, ಅದರ ಶಿರೋಭೂಷಣವನ್ನೇ ಆರಿಸಿಕೊಂಡರು. ಬೇರೆ ಕೆಲವರು ನಾಟಕದ ಪೇಟವನ್ನೋ ಸುಲಭವಾದ ಕಿರೀಟವನ್ನೋ ಇಟ್ಟುಕೊಂಡರು. ಮೊದಲನೆಯವರದು ಹೊಸ ಕಥೆಯನ್ನು ಹಳೆಯ ವ್ಯಾಕರಣದಲ್ಲಿ ಹೇಳುವ ಪ್ರಯತ್ನ. ಎರಡನೆಯದರಲ್ಲಿ ವ್ಯಾಕರಣವೇ ಉಳಿಯಲಿಲ್ಲ. ಹೊಸ ಪ್ರಸಂಗವೇ ಕೇಡಿಗೆ ಕಾರಣವೆನ್ನುವ ವಾದದಲ್ಲಿ ಹುರುಳಿಲ್ಲ. ಆಯ್ಕೆಯನ್ನು ಯೋಚಿಸಿ ಮಾಡಲಾಯಿತೇ ಎಂಬುದಷ್ಟೇ ಮುಖ್ಯ.

ಇದಕ್ಕಿಂತ ಸದ್ದಿಲ್ಲದೆ ಬಂದ ಬದಲಾವಣೆ ಸಿದ್ಧ ಮುಂಡಾಸಿನದು. ಕಾಲಮಿತಿಯ ಪ್ರಯೋಗಗಳು ಹೆಚ್ಚಿದಂತೆ, ಒಂದೇ ರಾತ್ರಿ ಎರಡು ಪಾತ್ರ ಮಾಡುವವರಿಗೆ ಮೊದಲೇ ಕಟ್ಟಿಟ್ಟ, ಟೊಪ್ಪಿಯಂತೆ ತೊಡಬಹುದಾದ ಮುಂಡಾಸು ಅನುಕೂಲವಾಗಿ ಕಂಡಿತು. ಹವ್ಯಾಸಿ ಸಂಘಗಳಿಗೆ, ಶಾಲಾ ಮಕ್ಕಳ ತಂಡಗಳಿಗೆ ಅದರಿಂದ ಉಪಕಾರವಾಗಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಸಿದ್ಧ ಮುಂಡಾಸು ವಾಸ್ತವದಲ್ಲಿ ಬಟ್ಟೆಯ ಕಿರೀಟ. ಅದಕ್ಕೆ ತಲೆಯ ಅಳತೆ ಗೊತ್ತಿಲ್ಲ. ಮುಖದ ಅಗಲಕ್ಕೆ ತಕ್ಕ ಎತ್ತರವೂ ಇಲ್ಲ. ಹಿರಿಯರು ಕಿರಿಯನ ತಲೆಗೆ ಮುಂಡಾಸು ಬಿಗಿಯುತ್ತಿದ್ದ ಹೊತ್ತಿನಲ್ಲೇ ಪಾತ್ರದ ನಡೆ, ಪದದ ಹದ, ಅರ್ಥದ ಜಾಡು ಮುಂತಾದ ಪಾಠಗಳೂ ನಡೆಯುತ್ತಿದ್ದವು. ಆ ಹೊತ್ತೇ ಇಲ್ಲವಾದರೆ ಪಾಠಕ್ಕೆ ಬೇರೆ ವೇಳೆ ಹುಡುಕಬೇಕಾಗುತ್ತದೆ.

ದಾಖಲಾತಿಯ ದೃಷ್ಟಿಯಿಂದಲೂ ಇಲ್ಲೊಂದು ವೈಚಿತ್ರ್ಯವಿದೆ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ದಲ್ಲಿ ಶಿವರಾಮ ಕಾರಂತರು ವೇಷಭೂಷಣಗಳಿಗೆ ವಿಶೇಷ ಗಮನವಿತ್ತರು. ಮಾರ್ತಾ ಆಷ್ಟನ್ ಮತ್ತು ಬ್ರೂಸ್ ಕ್ರಿಸ್ಟಿ ಅವರ 1977ರ ಇಂಗ್ಲಿಷ್ ಗ್ರಂಥವೂ ಬಡಗಿನ ವೇಷಗಳನ್ನು ಪರಿಚಯಿಸಿತು. ಇಂಥ ಗ್ರಂಥಗಳಲ್ಲಿ ಮುಂಡಾಸಿನ ರೂಪ ಉಳಿಯಬಲ್ಲದು. ವಸ್ತುಸಂಗ್ರಹಾಲಯಕ್ಕೆ ಬಂದರೆ ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ಗಾಜಿನ ಹಿಂದೆ ಇಡಬಹುದು, ಅವುಗಳಿಗೆ ಸಂಖ್ಯೆ ಹಾಕಬಹುದು. ಮುಂಡಾಸನ್ನು ಹಾಗೆ ಇಡಲಾಗದು. ಇಟ್ಟರೆ ಅದು ಯಾವುದೋ ಗೊಂಬೆಯ ತಲೆಗೆ ಒಮ್ಮೆ ಕಟ್ಟಿ ಬಿಟ್ಟ ಮಾದರಿ ಮಾತ್ರ. ಮುಂದಿನ ಅಧ್ಯಯನಕಾರನಿಗೆ ಬೇಕಾದುದು ಮುಗಿದ ಮುಂಡಾಸಿನ ಛಾಯಾಚಿತ್ರಕ್ಕಿಂತ ಕಟ್ಟುವ ಕೈಗಳ ಆದ್ಯಂತ ಚಿತ್ರೀಕರಣ: ಯಾವ ಸುತ್ತು ಎಲ್ಲಿಂದ ಹೊರಟಿತು, ಎಲ್ಲಿ ಬಿಗಿಯಿತು, ಕಟ್ಟುವಾತ ಎಲ್ಲಿ ತಡೆದು ವೇಷಧಾರಿಯ ಮುಖವನ್ನು ಕನ್ನಡಿಯಲ್ಲಿ ನೋಡಿ ಮತ್ತೆ ಬಿಚ್ಚಿದ ಎಂಬುದರ ವಿವರ. ಈ ಕೆಲಸವನ್ನು ಚೌಕಿಯಲ್ಲೇ, ಆಟದ ರಾತ್ರಿಯಲ್ಲೇ ಮಾಡಬೇಕು.