ಅಕ್ಕನ ದನಿ ಎಲ್ಲಿ ನಿಂತಿತು?

ಮೂರು ಭಾನುವಾರ ಕಳೆದರೂ ಅಕ್ಕನ ದನಿ ಜರ್ಮನಿಗೆ ತಲುಪಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಮಗ, ಸೊಸೆ, ಆರು ವರ್ಷದ ಮೊಮ್ಮಗಳು ಕಾಣುತ್ತಿದ್ದರು. ಅವರ ಮಾತು ಇವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇವಳ ಮಾತು ಮಾತ್ರ ಅವರಿಗೆ ಕೇಳಿಸುತ್ತಿರಲಿಲ್ಲ. 'ಅಜ್ಜಿ, ನಿನ್ನ ಬಾಯಿ ಅಲ್ಲಾಡ್ತಿದೆ, ಮಾತೇ ಬರ್ತಿಲ್ಲ' ಎಂದು ಮಗು ಮೊದಲ ವಾರ ನಕ್ಕಿತು. ಎರಡನೆಯ ವಾರ ಸುಮ್ಮನೆ ನೋಡಿತು. ಮೂರನೆಯ ವಾರ ಕುರ್ಚಿಯಿಂದಿಳಿದು ಆಡಲು ಹೋಯಿತು. ನಾನು ಮತ್ತೋಡಿಗೆ ಹೋದಾಗ ಅಕ್ಕ ಮೊದಲು ಹೇಳಿದ್ದು ಇದನ್ನೇ.

ಮೊಬೈಲ್ ಇರುವಾಗ ಕಂಪ್ಯೂಟರಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಅಕ್ಕನಿಗೆ ಕಣ್ಣು ಮಂಜು. ಅಂಗೈಯಗಲದ ಪರದೆಯಲ್ಲಿ ಅವಳಿಗೆ ಮೊಮ್ಮಗಳ ಮುಖ ಕಾಣುವುದಿಲ್ಲ. ಬರೀ ಫೋನಿನಲ್ಲಿ ಕಥೆ ಹೇಳಿ ನೋಡಿದಳಂತೆ. ಮುಖ ಕಾಣದ ಕಥೆಗೆ ಮಗು ಒಲಿಯಲಿಲ್ಲ. ಆ ಮಗುವಿಗೆ ಶಾಲೆಯಲ್ಲಿ ಜರ್ಮನ್, ಗೆಳತಿಯರೊಡನೆ ಜರ್ಮನ್. ದುಡಿಯುವ ತಂದೆ ತಾಯಿಗೆ ಪುರುಸೊತ್ತು ಕಡಿಮೆ. ಕನ್ನಡವೆಂದರೆ ಅದಕ್ಕೆ ಭಾನುವಾರದ ಅರ್ಧ ಗಂಟೆ, ಅಜ್ಜಿಯ ಕಥೆ. ಕಥೆಯಾದರೋ ನಡುವಿನಲ್ಲೇ ನಿಂತಿತ್ತು. ನರಿ ಕಬ್ಬಿನ ತೋಟಕ್ಕೆ ನುಗ್ಗಿತ್ತು, ಹೊರಗೆ ಬಂದಿರಲಿಲ್ಲ.

ನೆರೆಯ ಹುಡುಗನೊಬ್ಬ ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸಿ ನೋಡಿದ್ದ. ಪೇಟೆಯ ಅಂಗಡಿಯೊಂದರಲ್ಲಿ ಮೈಕು ಕೆಟ್ಟಿದೆ ಎಂದು ಹೇಳಿ ಹೊಸ ಹೆಡ್‌ಫೋನ್ ಮಾರಿದ್ದರು. ಅದರಿಂದಲೂ ಪ್ರಯೋಜನವಾಗಲಿಲ್ಲ. 'ವಯಸ್ಸಾತಲ್ಲೋ ತಮ್ಮ, ನನ್ನ ದನೀನೇ ಅಷ್ಟು ದೂರ ಹೋಗಂಗಿಲ್ಲೇನೋ' ಎಂದಳು ಅಕ್ಕ. ತಮಾಷೆಗೆ ಹೇಳಿದಂತೆ ಕೇಳಿಸಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಹೊಲಕ್ಕೆ ನೀರು ಬಾರದಿದ್ದರೆ ರೈತ ಕಾಲುವೆಯ ಗುಂಟ ನಡೆಯುತ್ತಾನೆ. ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡುತ್ತಾನೆ. ದನಿಯನ್ನೂ ಹಾಗೆಯೇ ಹಿಂಬಾಲಿಸಬೇಕು. ಮೈಕಿನೊಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಮಾತಿನ ಅಲೆ ತಾಕಿದಾಗ ಅದು ಕಂಪಿಸುತ್ತದೆ, ಆ ಕಂಪನ ವಿದ್ಯುತ್ತಿನ ಏರಿಳಿತವಾಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1962ರಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದ ಎಲೆಕ್ಟ್ರೆಟ್ ಮೈಕು ಅಗ್ಗವಾಗಿ ತಯಾರಾಗುವಂತಾದ ಮೇಲೆ ಅದು ಮನೆಮನೆಯನ್ನೂ ಸೇರಿತು. ಇಷ್ಟು ಸರಳವಾದ ವಸ್ತು ಸುಲಭಕ್ಕೆ ಕೆಡುವುದಿಲ್ಲ. ಆದ್ದರಿಂದ ಮೈಕನ್ನು ದೂರುವ ಮುನ್ನ ಬೇರೆಯದನ್ನು ನೋಡುವುದು ಒಳ್ಳೆಯದು.

ಮೊದಲು ಪಿನ್ನು. ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಗುಲಾಬಿ ಬಣ್ಣದ ತೂತು ಮೈಕಿಗೆ, ಹಸಿರು ಬಣ್ಣದ್ದು ಕೇಳುವುದಕ್ಕೆ. ಮೊಬೈಲಿನ ಒಂಟಿ ಪಿನ್ನಿನ ಹೆಡ್‌ಫೋನನ್ನು ಹಸಿರು ತೂತಿಗೆ ಸಿಕ್ಕಿಸಿದರೆ ಮಾತು ಕೇಳಿಸುತ್ತದೆ, ನಮ್ಮ ಮಾತು ಹೋಗುವುದಿಲ್ಲ. ಅಕ್ಕನದು ಎರಡು ಪಿನ್ನಿನದು, ಸರಿಯಾಗಿಯೇ ಇತ್ತು. ತಂತಿಯ ಮೇಲೆ ದನಿ ಮುಚ್ಚುವ ಗುಂಡಿಯೂ ತೆರೆದೇ ಇತ್ತು. ಅನಂತರ ಕಂಪ್ಯೂಟರಿನಲ್ಲೇ ಇರುವ ಧ್ವನಿಮುದ್ರಣದ ಸೌಲಭ್ಯವನ್ನು ತೆರೆದು, 'ಅಕ್ಕ, ಏನಾದರೂ ಮಾತಾಡು' ಎಂದೆ. ನಾಲ್ಕು ಮಾತಾಡಿದಳು. ತಿರುಗಿ ಹಾಕಿದಾಗ ಕಣ್ಣರಳಿಸಿ ಕೇಳಿದಳು: 'ಇದು ನನ್ನ ದನಿಯೇನೋ? ಅಮ್ಮನ ದನಿ ಇದ್ದಂಗೈತಲ್ಲೋ!'

ಅಲ್ಲಿಗೆ ಅರ್ಧ ಸಂಶಯ ಬಗೆಹರಿಯಿತು. ಮೈಕು, ತಂತಿ, ಕಂಪ್ಯೂಟರ್ ಎಲ್ಲವೂ ನೆಟ್ಟಗಿದ್ದವು. ಅಕ್ಕನ ದನಿಯೂ ನೆಟ್ಟಗಿತ್ತು. ಅಂಗಡಿಯವರು ಈ ಎರಡು ನಿಮಿಷದ ಪರೀಕ್ಷೆ ಮಾಡಿದ್ದರೆ ಹೊಸ ಹೆಡ್‌ಫೋನಿನ ಖರ್ಚು ಉಳಿಯುತ್ತಿತ್ತು. ದನಿ ಕಂಪ್ಯೂಟರಿನವರೆಗೆ ಬಂದು, ಮಾತುಕತೆಯ ಪುಟದ ಬಾಗಿಲಲ್ಲಿ ನಿಂತಿತ್ತು. ಬ್ರೌಸರಿನಲ್ಲಿ ವಿಳಾಸದ ಪಟ್ಟಿಯ ಬದಿಗಿರುವ ಪುಟ್ಟ ಚಿಹ್ನೆಯನ್ನು ಒತ್ತಿದೆ. ಮೈಕು ಬಳಸಲು ಆ ಪುಟಕ್ಕೆ ಅನುಮತಿ ನಿರಾಕರಿಸಲಾಗಿತ್ತು. ಅನುಮತಿ ಕೊಟ್ಟು ಪುಟವನ್ನು ಮತ್ತೆ ತೆರೆದೆ. ಅಷ್ಟೇ ಕೆಲಸ.

ನಿರಾಕರಿಸಿದವರು ಯಾರು? ಅಕ್ಕನೇ. ತಿಂಗಳ ಹಿಂದೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಬಂತಂತೆ. ಓದಲು ಬಾರದು. ಗೊತ್ತಿಲ್ಲದ್ದಕ್ಕೆ ಒಪ್ಪಬೇಡಿ, ಕಂಡಕಂಡದ್ದನ್ನು ಒತ್ತಬೇಡಿ ಎಂದು ಟಿ.ವಿ.ಯಲ್ಲಿ, ಬ್ಯಾಂಕಿನಲ್ಲಿ ಹೇಳಿದ್ದು ನೆನಪಿತ್ತು. 'ಡಿಜಿಟಲ್ ಅರೆಸ್ಟ್' ಎಂಬ ಹೆಸರಿನಲ್ಲಿ ವಯಸ್ಸಾದವರ ಉಳಿತಾಯವನ್ನೆಲ್ಲ ದೋಚಿದ ಸುದ್ದಿಗಳು 2024ರಲ್ಲಿ ಪತ್ರಿಕೆಗಳ ತುಂಬ ಇದ್ದವು. ಹಾಗಾಗಿ 'ಬೇಡ' ಎನ್ನುವಂತೆ ತೋರಿದ ಗುಂಡಿಯನ್ನು ಒತ್ತಿದಳು. ಒಮ್ಮೆ ಬೇಡವೆಂದರೆ ಬ್ರೌಸರು ಅದನ್ನು ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಕೇಳುವುದಿಲ್ಲ.

ಅಕ್ಕ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಈ ಅನುಮತಿಯ ಏರ್ಪಾಡು ಇರಬೇಕಾದದ್ದೇ. ಮನೆಯ ಮಾತನ್ನು ಯಾವ ತಂತ್ರಾಂಶವೂ ಕದ್ದು ಕೇಳಬಾರದು. ವಿಂಡೋಸ್ 10 ಮತ್ತು 11ರಲ್ಲೂ ಮೈಕಿಗೆ ಪ್ರತ್ಯೇಕ ಅನುಮತಿಯ ಪುಟವಿದೆ. ಅದು ಮುಚ್ಚಿದ್ದರೂ ದನಿ ಹೋಗುವುದಿಲ್ಲ. 2003ರಲ್ಲಿ ಆರಂಭವಾಗಿ 2025ರ ಮೇ ತಿಂಗಳಲ್ಲಿ ನಿಂತುಹೋದ ಸ್ಕೈಪ್‌ನ ಮೊದಲ ದಿನಗಳಲ್ಲಿ ಇಂಥ ಕಾವಲು ಇರಲಿಲ್ಲ. ಪಿನ್ನು ಸಿಕ್ಕಿಸಿ ಮಾತಾಡಿದರಾಯಿತು. ಈಗ ಯಂತ್ರ ಯಜಮಾನನನ್ನು ಕೇಳಿ ಮುಂದುವರಿಯುತ್ತದೆ. ಒಳ್ಳೆಯದೇ. ಆದರೆ ಯಜಮಾನನಿಗೆ ತಿಳಿಯದ ಭಾಷೆಯಲ್ಲಿ ಕೇಳಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ, ನಿರಾಕರಣೆಯೂ ನಿರಾಕರಣೆಯಲ್ಲ.

ಇನ್ನು ತಪ್ಪು ಯಾರದು? ಹೇಳಲು ನಾಚಿಕೆಯಾಗುತ್ತದೆ, ಆ ಕಂಪ್ಯೂಟರನ್ನು ಅಣಿಗೊಳಿಸಿ ಕೊಟ್ಟವನು ನಾನೇ. ವಿಂಡೋಸ್ ಕನ್ನಡದಲ್ಲಿ ದೊರೆಯುತ್ತದೆ. ಗೂಗಲ್ ಕ್ರೋಮ್‌ನ ಗುಂಡಿಗಳು, ಪ್ರಶ್ನೆಗಳು ಕನ್ನಡದಲ್ಲಿ ಬರುವಂತೆ ಮಾಡಬಹುದು. ಅದು ನನಗೆ ತಿಳಿದಿತ್ತು. ಆದರೂ ನನಗೆ ರೂಢಿಯಾದ ಇಂಗ್ಲಿಷನ್ನೇ ಅಕ್ಕನ ಮನೆಯಲ್ಲಿ ಬಿಟ್ಟು ಬಂದೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ಕನ್ನಡ ಉಳಿಸಿ ಎಂದು ಭಾಷಣ ಮಾಡಿದವನು ಹತ್ತು ನಿಮಿಷದ ಈ ಕೆಲಸ ಮಾಡಲಿಲ್ಲ. ಆ ಹತ್ತು ನಿಮಿಷದ ಸೋಮಾರಿತನಕ್ಕೆ ಒಂದು ಮಗು ಮೂರು ವಾರದ ಕನ್ನಡವನ್ನು ಕಳೆದುಕೊಂಡಿತು. ಕನ್ನಡದ ಗುಂಡಿಗಳಲ್ಲಿ ಕೆಲವು ಪದಗಳು ತೊಡಕಾಗಿವೆ ಎಂಬ ದೂರು ನಿಜವಿರಬಹುದು. ಬಳಸುವವರಿದ್ದರೆ ತಾನೇ ಅವು ತಿದ್ದಿಕೊಳ್ಳುವುದು?

ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ಊರು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಇಲ್ಲಿನ ಗಾಜಿನ ಕೆಲಸವನ್ನು ವಿವರಿಸಿದ್ದಾನೆ. ಇಂದು ಅಕ್ಕನ ಮಾತು ಸಮುದ್ರ ದಾಟುವುದು ಕೂಡ ಗಾಜಿನ ಮೂಲಕವೇ. ಕೂದಲೆಳೆಯಂಥ ಗಾಜಿನ ತಂತುಗಳಲ್ಲಿ ಬೆಳಕಾಗಿ ಹರಿದು ಹೋಗುತ್ತದೆ. ಇಂಥ ತಂತುವಿನಲ್ಲಿ ದೂರದವರೆಗೆ ಸಂದೇಶ ಕಳಿಸಬಹುದೆಂದು 1966ರಲ್ಲೇ ತೋರಿಸಿಕೊಟ್ಟ ಚಾರ್ಲ್ಸ್ ಕಾವೋಗೆ 2009ರಲ್ಲಿ ನೊಬೆಲ್ ಬಂತು. ಸಾವಿರಾರು ಕಿಲೋಮೀಟರ್ ದೂರವನ್ನು ವಿಜ್ಞಾನ ಗೆದ್ದಿದೆ. ಉಳಿದಿದ್ದು ಅಕ್ಕನ ಮೇಜಿನ ಮೇಲಿನ ಒಂದು ವಾಕ್ಯದ ದೂರ. ಅದನ್ನು ದಾಟಿಸಬೇಕಾದವರು ಕಂಪ್ಯೂಟರ್ ಮಾರುವವರು, ಕೊಡಿಸುವ ಮಕ್ಕಳು, ಜೋಡಿಸಿಕೊಡುವ ನನ್ನಂಥವರು.

ಅಂದು ಸಂಜೆ ಎಲ್ಲವನ್ನೂ ಕನ್ನಡಕ್ಕೆ ಬದಲಾಯಿಸಿದೆ. ಮೈಕಿನ ಅನುಮತಿಯನ್ನು ಬೇಕೆಂದೇ ಒಮ್ಮೆ ತೆಗೆದುಹಾಕಿ, ಪ್ರಶ್ನೆ ಮತ್ತೆ ಬರುವಂತೆ ಮಾಡಿದೆ. ಅಕ್ಕ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿ, ತಾನೇ ಒಪ್ಪಿಗೆ ಕೊಟ್ಟಳು. ಭಾನುವಾರ ಮೊಮ್ಮಗಳು ಪರದೆಗೆ ಬಂದಾಗ ಅಕ್ಕ, 'ಕೇಳಿಸ್ತೈತೇನವ್ವಾ?' ಎಂದಳು. ಮಗು ಅದಕ್ಕೆ ಉತ್ತರಿಸಲಿಲ್ಲ. ತಿರುಗಿ ಕೇಳಿತು: 'ಅಜ್ಜಿ, ನರಿ ಹೊರಗೆ ಬಂತಾ?'