ಕಣ್ಣಿನೊಳಗಣ ದೂತರು

ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂಬುದು ಹಿರಿಯರ ಮಾತು. ಕಣ್ಣಿನ ಹಿಂಬದಿಯ ಒಳಗೋಡೆಯನ್ನು ತೆಳುವಾದ ಒಂದು ಪೊರೆ ಆವರಿಸಿದೆ. ಅದೇ ಅಕ್ಷಿಪಟಲ. ಅದರ ದಪ್ಪ ಅರ್ಧ ಮಿಲಿಮೀಟರನ್ನು ಮೀರದು. ಆದರೂ ಬೆಳಕನ್ನು ಗ್ರಹಿಸುವ ಕೋಶಗಳು ಮತ್ತು ಅವುಗಳ ಸುದ್ದಿಯನ್ನು ತಿದ್ದಿ ಮಿದುಳಿಗೆ ಕಳುಹಿಸುವ ಹಲವು ಬಗೆಯ ನರಕೋಶಗಳು ಅದರಲ್ಲಿ ಪದರ ಪದರವಾಗಿ ನೆಲೆಸಿವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಪೇನ್ ದೇಶದ ರಮೋನ್ ಇ ಕಹಾಲ್ ಅವರು ಬೆಳ್ಳಿಯ ಲವಣದಿಂದ ಈ ಕೋಶಗಳಿಗೆ ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ಕಂಡ ಆಕಾರಗಳನ್ನು ಕೈಯಾರೆ ಚಿತ್ರಿಸಿದರು. ನರಕೋಶಗಳು ಒಂದರೊಡನೊಂದು ಬೆಸೆದುಕೊಂಡಿಲ್ಲ, ಪ್ರತಿಯೊಂದೂ ಬೇರೆ ಬೇರೆ ಎಂಬುದು ಅವರ ನಿಲುವು. ಹಾಗಾದರೆ ಸುದ್ದಿಯು ನಡುವಣ ಬಿಡುವನ್ನು ದಾಟುವುದೆಂತು?

ಇದಕ್ಕೆ ಉತ್ತರದ ಸುಳಿವು 1921ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ದೊರೆಯಿತು. ಆಟೊ ಲೋವಿ ಅವರು ಕಪ್ಪೆಯ ಹೃದಯವೊಂದರ ನರವನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಗೊಳಿಸಿದರು. ಅದನ್ನು ತೋಯಿಸಿದ್ದ ದ್ರವವನ್ನು ಮತ್ತೊಂದು ಹೃದಯಕ್ಕೆ ಸೋಕಿಸಲು, ಅದರ ಬಡಿತವೂ ನಿಧಾನವಾಯಿತು! ನರವು ಯಾವುದೋ ರಾಸಾಯನಿಕವನ್ನು ಸ್ರವಿಸಿರಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಇಂತಹ ರಾಸಾಯನಿಕ ದೂತರೇ ನರವಾಹಕಗಳು.

ಅಕ್ಷಿಪಟಲದ ಯಾವ ಕೋಶಕ್ಕೆ ಯಾವ ದೂತ? ಆಕಾರವೊಂದೇ ಇದನ್ನು ತಿಳಿಸಲಾರದು. 1962ರಲ್ಲಿ ಸ್ವೀಡನ್ನಿನ ಫಾಲ್ಕ್ ಮತ್ತು ಹಿಲಾರ್ಪ್ ಎಂಬ ವಿಜ್ಞಾನಿಗಳು ಒಂದು ಉಪಾಯವನ್ನು ಪ್ರಕಟಿಸಿದರು. ಒಣಗಿಸಿದ ಅಂಗಾಂಶಕ್ಕೆ ಫಾರ್ಮಾಲ್ಡಿಹೈಡಿನ ಆವಿಯನ್ನು ಹಾಯಿಸಿದರೆ, ಡೋಪಮಿನ್ ಇರುವ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುತ್ತವೆ. ಅಕ್ಷಿಪಟಲದ ಅಮಕ್ರೀನ್ ಕೋಶಗಳಲ್ಲಿ ಕೆಲವು ಹೀಗೆ ಹೊಳೆದವು. ಮುಂದೆ ನಿರ್ದಿಷ್ಟ ವಸ್ತುವಿಗೆ ಮಾತ್ರ ಅಂಟುವ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣವನ್ನು ಸೇರಿಸಿ, ಇತರ ನರವಾಹಕಗಳನ್ನೂ ಹುಡುಕಲಾಯಿತು.

ಆದರೆ ಇಲ್ಲಿ ಎಚ್ಚರ ಅಗತ್ಯ. ಮನೆಯಲ್ಲಿ ಉಪ್ಪು ಕಂಡಮಾತ್ರಕ್ಕೆ ಮನೆಯೊಡೆಯನು ಉಪ್ಪಿನ ವ್ಯಾಪಾರಿಯಾಗುವನೆ? ಗ್ಲುಟಮೇಟ್ ಪ್ರೋಟೀನುಗಳ ರಚನೆಗೆ ಬೇಕಾದುದರಿಂದ ಎಲ್ಲ ಕೋಶಗಳಲ್ಲಿಯೂ ಇರುತ್ತದೆ. ಆದ್ದರಿಂದ ವಿಜ್ಞಾನಿಗಳು ಇನ್ನಷ್ಟು ಸಾಕ್ಷ್ಯಗಳನ್ನು ಕೇಳುತ್ತಾರೆ. ಆ ವಸ್ತುವನ್ನು ತಯಾರಿಸುವ ಕಿಣ್ವ ಕೋಶದಲ್ಲಿದೆಯೆ? ಅದನ್ನು ತುಂಬಿಡುವ ಸಣ್ಣ ಕೋಶಿಕೆಗಳಿವೆಯೆ? ಪ್ರಚೋದನೆಯಾದಾಗ ಅದು ಹೊರಬರುವುದೆ? ನೆರೆಯ ಕೋಶದಲ್ಲಿ ಅದನ್ನು ಬರಮಾಡಿಕೊಳ್ಳುವ ಗ್ರಾಹಕವಿದೆಯೆ?

ಈ ಪರೀಕ್ಷೆಗಳಿಂದ ಹಲವು ಸಂಗತಿಗಳು ದೃಢಪಟ್ಟಿವೆ. ಬೆಳಕನ್ನು ಗ್ರಹಿಸುವ ಕೋಶಗಳ ದೂತ ಗ್ಲುಟಮೇಟ್. ಸೋಜಿಗವೆಂದರೆ, ಅವು ಕತ್ತಲೆಯಲ್ಲಿ ಅದನ್ನು ಹೆಚ್ಚಾಗಿ ಸ್ರವಿಸಿ, ಬೆಳಕು ಬಿದ್ದೊಡನೆ ಕಡಿಮೆ ಮಾಡುತ್ತವೆ! ಅಮಕ್ರೀನ್ ಕೋಶಗಳಲ್ಲಿ ಹೆಚ್ಚಿನವು ಗಾಬಾ ಅಥವಾ ಗ್ಲೈಸಿನ್ ಮೂಲಕ ನೆರೆಯ ಕೋಶಗಳನ್ನು ಹದ್ದುಬಸ್ತಿನಲ್ಲಿಡುತ್ತವೆ. ನಕ್ಷತ್ರದಂತೆ ಕವಲೊಡೆದ ಕೆಲವು ಕೋಶಗಳಿಗಂತೂ ಅಸಿಟೈಲ್‌ಕೋಲಿನ್ ಮತ್ತು ಗಾಬಾ ಎಂಬ ಇಬ್ಬರು ದೂತರು.

ಈ ಶೋಧನೆ ಕೇವಲ ಕುತೂಹಲಕ್ಕಾಗಿ ನಡೆದುದಲ್ಲ. ಪಾರ್ಕಿನ್ಸನ್ ರೋಗಿಗಳ ಅಕ್ಷಿಪಟಲದಲ್ಲಿ ಡೋಪಮಿನ್ ಕುಗ್ಗಿ, ಮಸುಕಾದ ಅಂಚುಗಳನ್ನು ಗುರುತಿಸುವುದು ಕಷ್ಟವಾಗುತ್ತದೆ. ಕೆಲವು ಆನುವಂಶಿಕ ರೋಗಗಳಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ನಾಶವಾದರೂ ಒಳಗಿನ ನರಕೋಶಗಳಲ್ಲಿ ಅನೇಕವು ಬಹುಕಾಲ ಉಳಿದಿರುತ್ತವೆ. ಅವುಗಳ ಮೂಲಕ ಅಂಧರಿಗೆ ಮತ್ತೆ ಬೆಳಕನ್ನು ಕಾಣಿಸಬೇಕಾದರೆ, ಆ ಕೋಶಗಳು ಆಡುವ ಭಾಷೆಯನ್ನು ಮೊದಲು ಮನುಷ್ಯನು ಕಲಿಯಬೇಕು.