ಮನಸ್ಸಿಗೂ ಒಬ್ಬ ಡಾಕ್ಟರು ಬೇಕಾದಾಗ

ಮೊಣಕಾಲು ನೋವಿಗೆ ಯಾವ ಡಾಕ್ಟರು ಒಳ್ಳೆಯವರು ಎಂದು ನಮ್ಮ ಸಂಘದ ಯಾವುದೇ ಕಾರ್ಯಕ್ರಮದಲ್ಲಿ ಕೇಳಿ ನೋಡಿ. ಒಬ್ಬರನ್ನು ಕೇಳಿದರೆ ಐವರು ಉತ್ತರ ಕೊಡುತ್ತಾರೆ. ಡಾಕ್ಟರ ಹೆಸರು, ಚೇಂಬರಿನ ವಿಳಾಸ, ಫೀಸು, ಯಾವ ದಿನ ಹೋದರೆ ಜನ ಕಡಿಮೆ ಎಂಬ ವಿವರ ಸಮೇತ! ಆದರೆ "ಮಗ ಆರು ತಿಂಗಳಿಂದ ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ, ಯಾರಿಗೆ ತೋರಿಸಲಿ?" ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಊಟ ಮುಗಿದ ಮೇಲೆ, ಕೈತೊಳೆಯುವ ಜಾಗದಲ್ಲಿ, ಅತ್ತಿತ್ತ ನೋಡಿ ಪಿಸುಮಾತಿನಲ್ಲಿ. ಹಾಗೆ ಕೇಳಿದವರಿಗೆ ಸಿಗುವ ಉತ್ತರವೂ ಪಿಸುಮಾತಿನದೇ. "ನಮ್ಮ ಪರಿಚಯದವರು ಒಬ್ಬರಿದ್ದಾರೆ, ಏನೋ ಕೌನ್ಸೆಲಿಂಗ್ ಮಾಡ್ತಾರಂತೆ" ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಆ ಪರಿಚಯದವರು ಓದಿದ್ದೇನು ಎಂದು ಯಾರೂ ವಿಚಾರಿಸುವುದಿಲ್ಲ.

"ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು" ಎಂದು ನಮ್ಮಲ್ಲೊಂದು ಗಾದೆಯಿದೆ. ನಗುತ್ತಲೇ ಹೇಳುತ್ತೇವೆ. ಆದರೆ ಮದುವೆಗೆ ಬಂದ ಮಕ್ಕಳಿರುವ ಮನೆಗಳಲ್ಲಿ ಮನೋವೈದ್ಯರ ಚೀಟಿಯನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಬಚ್ಚಿಡುವುದು ಈ ಗಾದೆಯ ಭಯದಿಂದಲೇ ಅಲ್ಲವೇ? ಊರಿನಲ್ಲಿದ್ದರೆ ಅಕ್ಕನೋ ಚಿಕ್ಕಮ್ಮನೋ ನಾಲ್ಕು ದಿನ ಬಂದಿದ್ದು ಅಷ್ಟಿಷ್ಟು ಭಾರ ಹೊರುತ್ತಿದ್ದರು. ಹೊರನಾಡಿನಲ್ಲಿರುವ ನಮಗೆ ಆ ಅನುಕೂಲವೂ ಇಲ್ಲ.

ವಿಚಿತ್ರವೆಂದರೆ, ಮನಸ್ಸಿನ ಚಿಕಿತ್ಸೆಯ ವಿಷಯದಲ್ಲಿ ನಾವಿರುವ ಈ ನಗರಕ್ಕೆ ದೇಶದಲ್ಲೇ ಹಿರಿಯ ಪರಂಪರೆಯಿದೆ. ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1916ರಷ್ಟು ಹಿಂದೆ. ವಿಯೆನ್ನಾದ ಫ್ರಾಯ್ಡ್ ಮಹಾಶಯನೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದ ಡಾ. ಗಿರೀಂದ್ರಶೇಖರ ಬೋಸರು 1922ರಲ್ಲಿ ಪಾರ್ಸಿಬಾಗಾನ್ ಲೇನಿನ ತಮ್ಮ ಮನೆಯಲ್ಲೇ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಸಾಮಾನ್ಯ ಆಸ್ಪತ್ರೆಯೊಳಗೆ ಮಾನಸಿಕ ಚಿಕಿತ್ಸೆಯ ವಿಭಾಗವನ್ನು 1933ರಲ್ಲಿ ಮೊದಲು ತೆರೆದವರೂ ಅವರೇ, ಇಂದಿನ ಆರ್.ಜಿ. ಕರ್ ಆಸ್ಪತ್ರೆಯಲ್ಲಿ. ಅವರ ಅಣ್ಣ ರಾಜಶೇಖರ ಬಸು ಬಂಗಾಳಿಗರನ್ನೆಲ್ಲ ನಗಿಸಿದ 'ಪರಶುರಾಮ'. ನಮ್ಮಲ್ಲಿ ಈ ಎರಡು ಕೆಲಸವನ್ನೂ ಒಬ್ಬರೇ ಮಾಡಿದರು ನೋಡಿ! 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಗಿಸುತ್ತಲೇ ಮನೋರೋಗಗಳ ಬಗ್ಗೆ ಕನ್ನಡದಲ್ಲಿ ಬರೆದರು. ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಎರಡೂ ಕಡೆಯಿಂದ ಇಷ್ಟು ಆಸ್ತಿ ಇಟ್ಟುಕೊಂಡ ನಾವು ಪಿಸುಗುಡುವುದೇಕೋ ತಿಳಿಯದು.

ಇರಲಿ. ಹೇಳಹೊರಟದ್ದು ಸರಿಯಾದವರನ್ನು ಗುರುತಿಸುವ ಬಗೆ. ವಿದೇಶದಲ್ಲಿರುವ ಮಕ್ಕಳು ಫೋನಿನಲ್ಲಿ "ಅಮ್ಮಾ, ಲೈಸೆನ್ಸ್ ಇರೋ ಥೆರಪಿಸ್ಟ್ ಹತ್ರ ಹೋಗಿ" ಎನ್ನುತ್ತಾರೆ. ಅಮೆರಿಕೆಯಲ್ಲಿ ಪ್ರತಿ ರಾಜ್ಯದ ಮಂಡಲಿ ಅಂಥ ಲೈಸೆನ್ಸ್ ಕೊಡುತ್ತದೆ. ನಮ್ಮಲ್ಲಿ 'ಥೆರಪಿಸ್ಟ್' ಎಂಬ ಹೆಸರಿನ ಲೈಸೆನ್ಸೇ ಇಲ್ಲ. ಆ ಪದವನ್ನು ಯಾರು ಬೇಕಾದರೂ ಬೋರ್ಡಿಗೆ ಬರೆಸಿಕೊಳ್ಳುವಂತಾಗಿದೆ. ಆದ್ದರಿಂದ ಬೋರ್ಡನ್ನು ಬಿಟ್ಟು ನೋಂದಣಿಯನ್ನು ನೋಡಬೇಕು.

ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ, ಮೇಲೆ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಪಿ.ಎಂ. ಓದಿದ ಡಾಕ್ಟರು. ಮಾತ್ರೆ ಬರೆದುಕೊಡುವ ಅಧಿಕಾರ ಇವರದು. ರಾಜ್ಯದ ಮೆಡಿಕಲ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಇವರ ಚೀಟಿಯ ಮೇಲೆಯೇ ಇರಬೇಕು. ಎರಡನೆಯವರು ಕ್ಲಿನಿಕಲ್ ಸೈಕಾಲಜಿಸ್ಟ್. ಇವರು ಮಾತ್ರೆ ಕೊಡುವುದಿಲ್ಲ. ಮಾತುಕತೆ, ಪರೀಕ್ಷೆ, ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುತ್ತಾರೆ. ಮಕ್ಕಳು 'ಥೆರಪಿ' ಎನ್ನುವುದು ಹೆಚ್ಚಾಗಿ ಇದನ್ನೇ. ಇವರ ನೋಂದಣಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಆಗಿರಬೇಕು. 1992ರ ಕಾಯ್ದೆಯಿಂದ ಬಂದ ಈ ಪರಿಷತ್ತನ್ನು ಎಲ್ಲರೂ ಆರ್.ಸಿ.ಐ. ಎನ್ನುತ್ತಾರೆ. ಹೆಸರು ಹಾಕಿ ಅದರ ವೆಬ್‌ಸೈಟಿನಲ್ಲಿ ಹುಡುಕಿದರೆ ಪಟ್ಟಿಯಲ್ಲಿದ್ದಾರೋ ಇಲ್ಲವೋ ತಿಳಿಯುತ್ತದೆ. ಮನೆಯ ಹುಡುಗರಿಗೆ ಹೇಳಿದರೆ ಐದು ನಿಮಿಷದ ಕೆಲಸ. ಬಹಳ ಕಾಲ ಎರಡು ವರ್ಷದ ಎಂ.ಫಿಲ್. ಇದಕ್ಕೆ ಅರ್ಹತೆಯಾಗಿತ್ತು. ಈಚೆಗೆ ಕೋರ್ಸುಗಳ ಹೆಸರು ಬದಲಾಗುತ್ತಿರುವುದರಿಂದ ಡಿಗ್ರಿಯ ಅಕ್ಷರಗಳನ್ನು ಎಣಿಸುತ್ತಾ ಕೂರುವುದಕ್ಕಿಂತ ನೋಂದಣಿ ಸಂಖ್ಯೆಯನ್ನು ಕೇಳುವುದೇ ಮೇಲು.

"ನಿಮ್ಮ ರಿಜಿಸ್ಟ್ರೇಷನ್ ನಂಬರ್ ಏನು?" ಎಂದು ಕೇಳಲು ನಮಗೆ ಸಂಕೋಚ. ಲೇಕ್ ಮಾರ್ಕೆಟ್ಟಿನಲ್ಲಿ ಬದನೆಕಾಯಿಯನ್ನು ಒಂದೊಂದಾಗಿ ತಿರುವಿ ನೋಡಿ ಆರಿಸುವ ನಾವು ಇಲ್ಲಿ ಮಾತ್ರ ಕಣ್ಣುಮುಚ್ಚಿ ಕೈಮುಗಿಯುತ್ತೇವೆ! ಸರಿಯಾದವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅಲ್ಲಿಂದ ಎದ್ದು ಬರುವುದು ಲೇಸು.

ಕೌನ್ಸೆಲರ್ ಅಥವಾ ಆಪ್ತಸಮಾಲೋಚಕರ ವಿಷಯ ತುಸು ತೊಡಕಿನದು. ಎಂ.ಎ. ಓದಿ, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿದ ಉತ್ತಮರು ಅನೇಕರಿದ್ದಾರೆ. ಪರೀಕ್ಷೆಯ ಭಯ, ಗಂಡಹೆಂಡಿರ ಮನಸ್ತಾಪ ಇಂಥವಕ್ಕೆ ಅವರೇ ಸಾಕು. ಆದರೆ ಎರಡು ವಾರಾಂತ್ಯದ ತರಬೇತಿಯ ಸರ್ಟಿಫಿಕೇಟಿಗೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದವರೂ ಇದ್ದಾರೆ. 2021ರಲ್ಲಿ ಬಂದ ಕಾಯ್ದೆಯೊಂದು ಈ ವರ್ಗದವರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿದೆ. ಕಾಯ್ದೆ ಬಂದ ಮಾತ್ರಕ್ಕೆ ಓಣಿಯ ಬೋರ್ಡುಗಳು ಬದಲಾಗುವುದಿಲ್ಲವಷ್ಟೆ. ನನಗೆ ತಿಳಿದ ಒಂದು ಮನೆಯಲ್ಲಿ ಇಪ್ಪತ್ತನಾಲ್ಕರ ಹುಡುಗ ಮನೋವೈದ್ಯರ ಮಾತ್ರೆಯಿಂದ ಎಷ್ಟೋ ಸುಧಾರಿಸಿದ್ದ. ಇಂಥ ಬೋರ್ಡಿನವರೊಬ್ಬರು ಹತ್ತು 'ಸಿಟಿಂಗ್'ಗಳ ಹಣವನ್ನು ಮುಂಗಡವಾಗಿ ಪಡೆದು, "ಮಾತ್ರೆ ವಿಷ, ಎಲ್ಲ ನಿಲ್ಲಿಸಿ" ಎಂದರು. ಎರಡು ತಿಂಗಳಾಗುವಷ್ಟರಲ್ಲಿ ಹುಡುಗ ರಾತ್ರಿಯೆಲ್ಲ ನಿದ್ರೆಯಿಲ್ಲದೆ ಯಾರೋ ತನ್ನನ್ನು ಹಿಂಬಾಲಿಸುತ್ತಾರೆಂದು ಕಿಟಕಿಗೆ ಬಟ್ಟೆ ಕಟ್ಟತೊಡಗಿದ. ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು, ಒಂದು ವರ್ಷದ ಓದು ಹೋಯಿತು. ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಿ ಎನ್ನುವವರು ಯಾರೇ ಆಗಿರಲಿ, ಅವರ ಹೊಸ್ತಿಲು ಮತ್ತೆ ತುಳಿಯಬೇಡಿ. ಹಾಗೆಯೇ ಪಾಡಾದ ಔಷಧಿ ಅಂಗಡಿಯ ದಾದಾನ ಸಲಹೆಯಂತೆ ನಿದ್ರೆಮಾತ್ರೆ ನುಂಗುವ ಅಭ್ಯಾಸವೂ ಒಳ್ಳೆಯದಲ್ಲ.

ಇನ್ನು ನಮಗೇ ವಿಶೇಷವಾದ ತೊಂದರೆ, ಭಾಷೆ. ಹೊಟ್ಟೆನೋವನ್ನು ಕೈಸನ್ನೆಯಲ್ಲಾದರೂ ತೋರಿಸಬಹುದು. ಮನಸ್ಸಿನ ನೋವಿಗೆ ಮಾತೇ ಬೇಕು. ಧಾರವಾಡದ ಕಡೆಯ ಎಪ್ಪತ್ತು ದಾಟಿದ ತಾಯಿಯೊಬ್ಬರು, ಪತಿ ತೀರಿಕೊಂಡ ಮೇಲೆ ಇಲ್ಲಿ ಮಗನ ಮನೆಗೆ ಬಂದರು. ಬಂಗಾಳಿ ಇಲ್ಲ, ಹಿಂದಿ ಅಷ್ಟಕ್ಕಷ್ಟೆ. ಬರಬರುತ್ತಾ ಮಾತು ಕಡಿಮೆಯಾಯಿತು. ಕೇಳಿದರೆ "ಬ್ಯಾಸರಾಗೇತಿ" ಎನ್ನುವರು, ಅಷ್ಟೇ. ಇಲ್ಲೇ ಹುಟ್ಟಿ ಬೆಳೆದ ಸೊಸೆ ಒಬ್ಬ ಡಾಕ್ಟರ ಬಳಿ ಕರೆದೊಯ್ದು "ಶಿ ಈಸ್ ಬೋರ್ಡ್" ಎಂದು ಹೇಳಿದಳು. ಅವಳ ಕನ್ನಡದಲ್ಲಿ ಬೇಸರಕ್ಕೆ ಇರುವ ಅರ್ಥ ಅದೊಂದೇ, ಪಾಪ. ಡಾಕ್ಟರು ಟಿ.ವಿ. ನೋಡಲಿ, ಸಂಜೆ ಲೇಕ್ ಕಡೆ ತಿರುಗಾಡಿಸಿ ಎಂದರು. ಬೇಜಾರು ಎಂಬ ನಮ್ಮ ಒಂದೇ ಮಾತಿನಲ್ಲಿ ಹೊತ್ತು ಹೋಗದಿರುವುದೂ ಇದೆ, ಮುನಿಸೂ ಇದೆ, ಜೀವವೇ ಸಾಕೆನಿಸುವುದೂ ಇದೆ. ನಾಲ್ಕು ತಿಂಗಳ ನಂತರ ಇನ್ನೊಬ್ಬ ಮನೋವೈದ್ಯೆ, ಬಂಗಾಳಿಯವರೇ, ಬೇರೆ ರೀತಿ ಕೇಳಿದರು. ಬೆಳಗಿನ ಜಾವ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ? ತಟ್ಟೆಯಲ್ಲಿ ಎಷ್ಟು ಬಿಡುತ್ತಾರೆ? ಪೂಜೆ ಮಾಡುತ್ತಾರೆಯೇ? ಮೂರು ಗಂಟೆಗೇ ಏಳುತ್ತಾರೆ, ಅರ್ಧ ರೊಟ್ಟಿ ತಿನ್ನುತ್ತಾರೆ, ಐವತ್ತು ವರ್ಷ ತಪ್ಪದೆ ಮಾಡಿದ ಪೂಜೆ ನಿಂತಿದೆ ಎಂದು ಮಗ ಹೇಳಿದ. ಅದು ಖಿನ್ನತೆ. ಅವರು ಮಾತ್ರೆ ಆರಂಭಿಸಿ, ಕನ್ನಡ ಬಲ್ಲ ಸೈಕಾಲಜಿಸ್ಟರನ್ನು ಫೋನಿನಲ್ಲಾದರೂ ಹುಡುಕಿ ಎಂದರು. ಬೆಂಗಳೂರಿನ ಒಬ್ಬರು ಸಿಕ್ಕರು, ವಾರಕ್ಕೊಮ್ಮೆ ವಿಡಿಯೋದಲ್ಲಿ ಮಾತು. ದಸರೆಯ ಹೊತ್ತಿಗೆ ಆ ತಾಯಿ ಅಡುಗೆಮನೆಗೆ ಬಂದು "ಕೊಬ್ಬರಿ ಎಲ್ಲದ?" ಎಂದು ಕೇಳಿದರಂತೆ. ಸೊಸೆ ಇದನ್ನು ಹೇಳುವಾಗ ಅತ್ತಳು.

ದುಭಾಷಿಯಾಗಿ ಯಾರು ಹೋಗಬೇಕೆಂಬುದನ್ನೂ ಯೋಚಿಸಬೇಕು. ಅತ್ತೆಯ ಸಂಕಟಕ್ಕೆ ಸೊಸೆಯೇ ಕಾರಣವಿದ್ದು, ಸೊಸೆಯೇ ಅನುವಾದಕಿಯಾದರೆ ಡಾಕ್ಟರಿಗೆ ತಲುಪುವುದೇನು? ಗಂಡನ ಮುಂದೆ ಹೆಂಡತಿ ಏನು ತಾನೇ ಹೇಳಿಯಾಳು? ಸಾಧ್ಯವಿದ್ದರೆ ಮನೆಯವರಲ್ಲದ, ಗುಟ್ಟು ಬಿಡದ ಒಬ್ಬರು ಜೊತೆಗಿರಲಿ. ನಮ್ಮ ಸಂಘದಲ್ಲಿ ಬಂಗಾಳಿ, ಕನ್ನಡ ಎರಡೂ ಚೆನ್ನಾಗಿ ಬಲ್ಲ ಹಿರಿಯ ಮಹಿಳೆಯರು ಸಾಕಷ್ಟಿದ್ದಾರೆ. ಅವರಲ್ಲಿ ನಾಲ್ವರು ಮುಂದೆ ಬಂದರೂ ಎಷ್ಟೋ ಉಪಕಾರವಾದೀತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ಹಲವರ ಮನೆಯಲ್ಲಿರಬಹುದು. ಹೋಗುವ ಮೊದಲು ಒಂದನ್ನು ತಿರುವಿಹಾಕಿದರೆ ಹೇಳಬೇಕಾದ್ದಕ್ಕೆ ಸರಿಯಾದ ಮಾತುಗಳು ಸಿಗುತ್ತವೆ.

ದೂರದ ಡಾಕ್ಟರನ್ನು ಫೋನಿನಲ್ಲಿ, ವಿಡಿಯೋದಲ್ಲಿ ಕಾಣುವುದಕ್ಕೆ 2020ರ ಮಾರ್ಚಿನಲ್ಲಿ ಬಂದ ಸರ್ಕಾರದ ಮಾರ್ಗಸೂಚಿಯಲ್ಲಿ ಮನ್ನಣೆಯಿದೆ. ಕೆಲವು ಮಾತ್ರೆಗಳನ್ನು ಮಾತ್ರ ಹಾಗೆ ಬರೆಯುವಂತಿಲ್ಲ. ಇದಲ್ಲದೆ ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಗಿದೆ. ಸಂಖ್ಯೆ 14416. ಹಗಲು ರಾತ್ರಿ ಉಚಿತ, ಭಾಷೆ ಆರಿಸಿಕೊಳ್ಳುವ ಅವಕಾಶವೂ ಇದೆ. ನಡುರಾತ್ರಿ ಯಾರನ್ನು ಎಬ್ಬಿಸಲಿ ಎಂಬ ಸ್ಥಿತಿಯಲ್ಲಿ ಈ ಐದು ಅಂಕಿಗಳು ನೆನಪಿರಲಿ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಒಯ್ಯದೆ ಮನೆಯಲ್ಲೇ ಇಟ್ಟುಕೊಂಡವರ ಕಥೆಗಳನ್ನು ಕೇಳಿದ್ದೇವೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದೇ ಕಾಣಬೇಕು, ಶಿಕ್ಷಿಸಬಾರದು. ಕ್ಷಣವೂ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಓಡಿ. ಚಿಕಿತ್ಸೆಯ ಗುಟ್ಟನ್ನು ಕಾಪಾಡಿಕೊಳ್ಳುವ ಹಕ್ಕನ್ನೂ ಇದೇ ಕಾಯ್ದೆ ರೋಗಿಗೆ ಕೊಟ್ಟಿದೆ. ಬೀರುವಿನ ಸೀರೆಗಳಿಗಿಂತ ಅದು ಗಟ್ಟಿ.

ಎಲ್ಲಿಗೆ ಹೋಗುವುದು? ಖಾಸಗಿ ಡಾಕ್ಟರ ಫೀಸು ಭರಿಸಲಾಗದವರಿಗೆ, ಭರಿಸಬಲ್ಲವರಿಗೂ, ನಾನು ಮೊದಲು ಹೇಳುವುದು ಸರ್ಕಾರದ ಇನ್‌ಸ್ಟಿಟ್ಯೂಟ್ ಆಫ್ ಸೈಕಿಯಾಟ್ರಿ. ಜನ 'ಪಿ.ಜಿ.' ಎನ್ನುವ ಎಸ್.ಎಸ್.ಕೆ.ಎಂ. ಆಸ್ಪತ್ರೆಗೆ ಸೇರಿದ್ದು, ಡಿ.ಎಲ್. ಖಾನ್ ರಸ್ತೆಯಲ್ಲಿದೆ. ಮನೋವೈದ್ಯರೂ ಕ್ಲಿನಿಕಲ್ ಸೈಕಾಲಜಿಸ್ಟರೂ ಅಲ್ಲೇ ತರಬೇತಾಗುತ್ತಾರೆ, ಹಾಗಾಗಿ ಇಬ್ಬರೂ ಒಂದೇ ಕಡೆ ಸಿಗುತ್ತಾರೆ. ಮೆಡಿಕಲ್ ಕಾಲೇಜು, ಎನ್.ಆರ್.ಎಸ್., ಆರ್.ಜಿ. ಕರ್ ಆಸ್ಪತ್ರೆಗಳಲ್ಲೂ ಮನೋರೋಗ ವಿಭಾಗಗಳಿವೆ. ಸರದಿ ಉದ್ದ, ಬೆಂಚು ಗಟ್ಟಿ, ಒಬ್ಬೊಬ್ಬರಿಗೆ ಸಿಗುವ ಸಮಯ ಕಡಿಮೆ ಎಂಬುದೂ ನಿಜವೇ. ಆದರೆ ಒಳಗೆ ಕೂತವರ ಓದಿನ ಬಗ್ಗೆ ಅನುಮಾನ ಪಡಬೇಕಾಗಿಲ್ಲ.

ಕಾಳೀಘಾಟ್ ಮೆಟ್ರೋದಿಂದ ಮೂರನೆಯ ನಿಲ್ದಾಣ ರವೀಂದ್ರ ಸದನ. ಅಲ್ಲಿಂದ ವಯಸ್ಸಾದವರಿದ್ದರೆ ಟ್ಯಾಕ್ಸಿ ಹಿಡಿಯಿರಿ. ಬೆಳಿಗ್ಗೆ ಬೇಗ ಹೊರಡಿ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನು, ಬಿ.ಪಿ., ಥೈರಾಯ್ಡ್ ಮಾತ್ರೆ ಸೇರಿಸಿ, ಪಟ್ಟಿಗಳ ಸಮೇತ ಒಂದು ಚೀಲಕ್ಕೆ ಹಾಕಿಕೊಳ್ಳಿ. ನಿದ್ರೆ, ಊಟ, ಯಾವಾಗಿನಿಂದ ಹೀಗೆ, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮೊಸರನ್ನದ ಡಬ್ಬಿ, ನೀರಿನ ಬಾಟಲಿ ಮರೆಯಬೇಡಿ, ಮಧ್ಯಾಹ್ನವಾದರೂ ಆದೀತು.